ಮೆಂತೆ ಮುಟ್ಟದವಳು

ಮೊದಲನೆಯದು ಹೋದದ್ದು ಒಂಬತ್ತನೇ ದಿನ.
ಹೆಸರಿಟ್ಟಿರಲಿಲ್ಲ. ಉಚ್ಚೆಬಟ್ಟೆ ಹಿಂಡುವಾಗ
ಬೆಲ್ಲದ ಪಾಕದ ಹಾಗೆ, ಮೆಂತೆಯ ಹಾಗೆ ಒಂದು ಘಮ.
"ಬಾಣಂತಿ ಮೆಂತೆ ಗಂಜಿ ಉಣ್ಣುತ್ತಾಳಲ್ಲ,
ಹಾಲಿಗೆ ಇಳಿದಿದೆ" ಎಂದರು ಎಲ್ಲರೂ. ನಾನೂ ಎಂದೆ.
ಮತ್ತೆ ಮೊಲೆ ಹಿಡಿಯಲಿಲ್ಲ, ಮತ್ತೆ ಬೆನ್ನು ಬಿಲ್ಲಿನಂತೆ ಬಾಗಿತು,
ಮತ್ತೆ ದೃಷ್ಟಿ ತೆಗೆದದ್ದು, ಮತ್ತೆ ಪ್ರಶ್ನೆ ಇಟ್ಟದ್ದು,
ಮತ್ತೆ ಕಡಲ ಬದಿಯ ಮರಳು.

ಎರಡನೆಯವನು ಹುಟ್ಟಿದ್ದು ಜುಲೈಯಲ್ಲಿ,
ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಕಟ್ಟಿಹಾಕಿದ ಹೊತ್ತು.
ಅತ್ತೆ ಕೊಟ್ಟ ಗಂಜಿಯ ಬಟ್ಟಲನ್ನು ದೂಡಿದೆ.
ಕಾರಣ ಕೇಳಿದರು; ಇರಲಿಲ್ಲ. ಆ ವಾಸನೆ ಬೇಡ, ಅಷ್ಟೆ.
ಮೆಂತೆ ಮುಟ್ಟದವಳ ಸೊಂಟ ನಿಲ್ಲುವುದಿಲ್ಲ ಎಂದು
ನೆರೆಮನೆಯ ಕಲ್ಯಾಣಿ ಕುಂದರ್ ಬಂದು ಬೈದು ಹೋದರು.

ಐದನೇ ದಿನ ಅತ್ತೆ ಬಟ್ಟೆಯನ್ನು ಮೂಗಿಗೆ ಹಿಡಿದು
ಬಾಗಿಲಲ್ಲೇ ನಿಂತರು.
ನಲವತ್ತು ವರ್ಷ ಮೀನು ಹೊತ್ತವರ ಮೂಗು ಅದು.
"ಮೆಂತೆ ತಿಂದಿಯಾ?"
"ಇಲ್ಲ."
"ಸತ್ಯ ಹೇಳು ಮಗಾ."
"ಇಲ್ಲ."
ಅತ್ತೆ ಸೀರೆ ಬದಲಿಸಲಿಲ್ಲ. ರಿಕ್ಷಾ ಕರೆದರು.

ಮಣಿಪಾಲದಲ್ಲಿ ಒಬ್ಬಳು ಸಣ್ಣ ಪ್ರಾಯದ ಡಾಕ್ಟರು
ಕಾಗದ ಓದುವುದು ಬಿಟ್ಟು ಅತ್ತೆಯ ಮಾತು ಕೇಳಿದಳು,
ತಾನೂ ಬಗ್ಗಿ ಬಟ್ಟೆ ಮೂಸಿದಳು.
ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲೆ ನಾಲ್ಕು ರಕ್ತದ ಬೊಟ್ಟು.
ಒಣಗಲು ಇಟ್ಟರು, ನಾವು ಸಿಗಡಿ ಇಡುವ ಹಾಗೆ.
ಆ ರಾತ್ರಿಯಿಡೀ ಯಂತ್ರವೊಂದು ಅವನ ರಕ್ತ ತೊಳೆಯಿತು.

ಡಾಕ್ಟರು ಹೇಳಿದ್ದರಲ್ಲಿ ಅರ್ಧ ಇಂಗ್ಲಿಷು.
ನಾನು ತಿಳಿದುಕೊಂಡದ್ದು ಹೀಗೆ:
ಮಾರ್ಕೆಟ್ಟಿಗೆ ಮೀನು ಬರುತ್ತದೆ, ಬುಟ್ಟಿ ಬುಟ್ಟಿ;
ಕೊಯ್ದು ಕೊಡುವ ಹೆಂಗಸು ಒಬ್ಬಳು ಬಂದಿಲ್ಲ.
ರಾಶಿ ಏರುತ್ತದೆ. ನೀರಿಳಿಯುತ್ತದೆ. ಸಂಜೆಗೆ ವಿಷ.
ಆ ಹೆಂಗಸಿನ ಹೆಸರು ಕಿಣ್ವ ಎಂದರು.

ತಂದೆಯದು ಅರ್ಧ, ತಾಯಿಯದು ಅರ್ಧ ಎಂದರು.
ನನ್ನವರು ನನ್ನ ಸೋದರಮಾವನ ಮಗ.
ಬರಿ ಬೇರೆಯೇ. ಹಿರಿಯರು ಬೆರಳು ಮಡಚಿ
ಲೆಕ್ಕ ಹಾಕಿಯೇ ಕೊಟ್ಟದ್ದು.
ರಕ್ತಕ್ಕೆ ಬರಿ ಗೊತ್ತಿಲ್ಲ.
ಅವರು ಆ ಸಂಜೆ ಬಂದರಿಗೆ ಹೋಗಿ
ಕಟ್ಟಿದ ಬೋಟಿನಲ್ಲಿ ಒಬ್ಬರೇ ಕೂತು ಬಂದರು.

ಈಗ ಯಶಿತನಿಗೆ ನಾಲ್ಕು.
ಚಿನ್ನ ತೂಗುವಂಥ ತಕ್ಕಡಿ ಒಲೆಯ ಬದಿಯಲ್ಲಿದೆ.
ಮೂವತ್ತು ಕಿಲೋ ಬಂಗುಡೆಯನ್ನು ಕಣ್ಣಳತೆಯಲ್ಲೇ ಹೇಳುವವಳು ನಾನು.
ಅನ್ನ ಹದಿನೆಂಟು ಗ್ರಾಂ, ಬಟಾಟೆ ನಲವತ್ತು,
ಇನ್ನೂ ಹಸಿವು ಎಂದರೆ ಸಾಬಕ್ಕಿ.
ಡಬ್ಬದ ಹುಡಿ ದೂರದಿಂದ ತರಿಸುವುದು.
ನೆಕ್ಕಿ ನೋಡಿದ್ದೇನೆ: ತುಕ್ಕು ಹಿಡಿದ ಮೊಳೆ.
ಅವನು ಗಟಗಟ ಕುಡಿಯುತ್ತಾನೆ,
ಬೇರೆ ರುಚಿ ಕಂಡವನಲ್ಲ.

ಬೋಟಿನ ಮನೆಯ ಬಾಲೆ, ಮೀನು ತಿನ್ನುವಂತಿಲ್ಲ.
ಹೆಸರು ಮಾತ್ರ ಬಾಯಿಪಾಠ: ಬೂತಾಯಿ, ಕಾಣೆ, ನಂಗ್, ಅಂಜಲ್.
ಕಿವಿರು ಎತ್ತಿ ನೋಡಿ "ಇದು ನಿನ್ನೆದು" ಎನ್ನುತ್ತಾನೆ
ಗಿರಾಕಿಗಳ ಎದುರಿಗೇ.
ನನ್ನ ವ್ಯಾಪಾರ ಕೆಡಿಸುತ್ತಾನೆ.

ಜ್ವರ ಬಂದರೆ ಯಾರೂ ನಗುವುದಿಲ್ಲ.
ಅನ್ನ ನಿಲ್ಲಿಸಿ, ಸಕ್ಕರೆ ನೀರು ಕುಡಿಸಿ,
ಲ್ಯಾಮಿನೇಷನ್ ಮಾಡಿದ ಚೀಟಿ ಹಿಡಿದು ಗುಡ್ಡ ಹತ್ತಬೇಕು,
ವಾಂತಿಯಾದರೆ ನಡುರಾತ್ರಿಯೇ.
ತೂಗಿದ್ದೆಲ್ಲ ಆಗ ಲೆಕ್ಕಕ್ಕಿಲ್ಲ;
ಮೈ ತನ್ನನ್ನೇ ತಾನು ತಿನ್ನತೊಡಗುತ್ತದಂತೆ.

ನಮ್ಮ ಮನೆಯಲ್ಲಿ ಮೆಂತೆಯ ಡಬ್ಬ ಇಲ್ಲ.
ಮೀನುಸಾರಿಗೆ ನಾಲ್ಕು ಕಾಳು ಬೇಕು; ಹಾಕದೆ ಅರೆಯುತ್ತೇನೆ.
ಆ ವಾಸನೆ ಬಂದರೆ ಅದು ಅದೇ ಆಗಿರಬೇಕು,
ಬೇರೆ ನೆಪ ಸಿಗಬಾರದು.

ದಿನಾ ಬೆಳಿಗ್ಗೆ ಅತ್ತೆ ಅವನ ಚಡ್ಡಿ ಮೂಗಿಗೆ ಹಿಡಿಯುತ್ತಾರೆ.
ಅವನಿಗೀಗ ನಾಚಿಕೆ. ಕಸಿದುಕೊಂಡು ಓಡುತ್ತಾನೆ.
ಅತ್ತೆ ಹಿಂದೆಯೇ, ಮೊಣಕಾಲು ಹಿಡಿದುಕೊಂಡು.
ಅಂಗಳದ ತುದಿಯಿಂದ ಕೂಗು ಬರುತ್ತದೆ,
ಕಲ್ಯಾಣಿ ಕುಂದರಿಗೂ ಕೇಳುವ ಹಾಗೆ:
"ಬರೇ ಉಚ್ಚೆ! ಬರೇ ಉಚ್ಚೆ ವಾಸನೆ!"