ಮೂರು ಕೂಗು

ಮೇಯೋ ಹಾಲ್ ಕೋರ್ಟು, ಮಹಡಿಯ ವರಾಂಡ.
ಇಪ್ಪತ್ತೊಂಬತ್ತು ವರ್ಷ ಇಲ್ಲಿ ಹೆಸರು ಕೂಗಿದ್ದೇನೆ.
ಬಿಳಿ ಅಂಗಿ, ಅಡ್ಡಪಟ್ಟಿ, ಹಿತ್ತಾಳೆ ಬಿಲ್ಲೆ,
ದವಡೆಯಲ್ಲೊಂದು ಜ್ಯೇಷ್ಠಮಧುವಿನ ತುಂಡು.
ಒಂದು ಹೆಸರಿಗೆ ಮೂರು ಕೂಗು, ಅದು ಪದ್ಧತಿ.
ಮೆಟ್ರೋ ಹಾದುಹೋಗುವಾಗ
ಒಂದು ಗಳಿಗೆ ತಡೆದು, ಆಮೇಲೆ.

ಪಿಳ್ಳಮುನಿಯಪ್ಪ ಬಿನ್ ಲೇಟ್ ಚಿಕ್ಕಾಬಯ್ಯ!

ಆರು ವರ್ಷದಿಂದ ಈ ಹೆಸರು ನನ್ನ ಪಟ್ಟಿಯಲ್ಲಿದೆ.
ಅಪರಾಧ: ಶಿವಾಜಿನಗರ ಬಸ್ ನಿಲ್ದಾಣದಲ್ಲಿ
ಕಂಬ ಹತ್ತಿ ಮೈಕಿನ ವೈರು ಕಿತ್ತದ್ದು.
ಬಸ್ಸಿನ ನಂಬರು ಹೇಳುವ ನೆಪದಲ್ಲಿ
ಅದು ತನ್ನನ್ನೇ ಆಡಿಕೊಳ್ಳುತ್ತಿತ್ತಂತೆ,
ತಂಗಿಯ ಮದುವೆ ಮುರಿದದ್ದು ನಿನ್ನಿಂದ, ಎಂದು
ಹೋಗಿಬರುವವರಿಗೆಲ್ಲ ಕೇಳಿಸುವ ಹಾಗೆ.
ಇಳಿಸಲು ಬಂದ ಕಾನ್‌ಸ್ಟೇಬಲ್ಲನ ಟೋಪಿ ಬಿತ್ತು.
ಟೋಪಿ ಬಿದ್ದದ್ದಕ್ಕೆ ಇನ್ನೊಂದು ಸೆಕ್ಷನ್ನು.

ಮೊದಲ ವಾಯಿದೆಗೆ ಕಟಕಟೆಯಲ್ಲಿ ನಿಂತು
ಫ್ಯಾನನ್ನೇ ನೋಡುತ್ತಿದ್ದ.
‘ತಪ್ಪು ಒಪ್ಕೋತೀಯಾ?’ ಸಾಹೇಬರು ಕೇಳಿದರು.
‘ಯಾವುದು ಸ್ವಾಮಿ? ಅವರು ಬೇಕಾದಷ್ಟು ಹೇಳ್ತಾವ್ರೆ.’
ಹಿಂದಿನ ಬೆಂಚಿನ ವಕೀಲರು ನಕ್ಕರು. ನಾನೂ ನಕ್ಕೆ.
ಅದನ್ನಿಲ್ಲಿ ಮುಚ್ಚಿಟ್ಟರೆ ಸುಳ್ಳುಸಾಕ್ಷಿಯಾದೀತು.

ನಿಮ್ಹಾನ್ಸಿನಿಂದ ಕಾಗದ ಬಂತು:
ಸದ್ಯಕ್ಕೆ ವಿಚಾರಣೆ ಎದುರಿಸಲು ಶಕ್ತನಲ್ಲ.
ಜೈಲಿಗೆ ಶಕ್ತನೇ ಎಂದು ಯಾರೂ ಕೇಳಿರಲಿಲ್ಲ.
ಕಡತಕ್ಕೆ ಕೆಂಪು ದಾರ ಸುತ್ತಿದೆವು.
ಎಸ್ಕಾರ್ಟ್ ಸಿಗಲಿಲ್ಲ, ಚುನಾವಣೆ ಬಂದೋಬಸ್ತು.
ಎಸ್ಕಾರ್ಟ್ ಸಿಕ್ಕ ದಿನ ಡಾಕ್ಟರು ರಜೆ.
ಪರಪ್ಪನ ಅಗ್ರಹಾರದಲ್ಲಿ ಮಾತ್ರೆ ಇದ್ದ ವಾರ ಇಸ್ಪೀಟು,
ಮಾತ್ರೆ ಮುಗಿದ ವಾರ ಮತ್ತೆ ಮೈಕು.
‘ತಪ್ಪಾಯ್ತು’ ಎಂದವರೆಲ್ಲ ಆರು ತಿಂಗಳಲ್ಲಿ ಮನೆಗೆ ಹೋದರು.
ಇವನಿಗೆ ಯಾವ ತಪ್ಪು ಎಂದು ತಿಳಿಯಬೇಕಿತ್ತು, ಅಷ್ಟೇ.

ಇನ್ನೊಂದು ಮಾತು. ನನ್ನ ಹೆಂಡತಿ ಹೇಳುತ್ತಾಳೆ,
ನಾನು ನಡುರಾತ್ರಿ ಎದ್ದು ಕೂತು ಹೆಸರು ಕೂಗುತ್ತೇನಂತೆ,
ಮೂರು ಸಲ, ತಂದೆಯ ಹೆಸರೂ ಸೇರಿಸಿ,
ಲಿಂಗರಾಜಪುರದ ಗಲ್ಲಿಗೆಲ್ಲ ಕೇಳುವ ಹಾಗೆ.
ಅವಳು ಪೊಲೀಸಿಗೆ ಫೋನು ಮಾಡಲಿಲ್ಲ.
ಲೋಟದಲ್ಲಿ ನೀರು ಕೊಟ್ಟು
‘ಯಾರೂ ಬಂದಿಲ್ಲ, ಮಲಕ್ಕೊಳ್ಳಿ’ ಎಂದಳು.

ಈ ಜೂನಿನಲ್ಲಿ ಹೊಸ ಮೇಡಂ ಬಂದರು.
ಕಡತ ಬಿಚ್ಚಿ, ಧೂಳಿಗೆ ಸೀನಿ,
‘ಆ ವೈರು ಮತ್ತೆ ಹಾಕೋಕೆ ಎಷ್ಟು ದಿನ ಹಿಡೀತು?’ ಅಂದರು.
ಸರ್ಕಾರಿ ವಕೀಲರು ಪುಟ ತಿರುವಿದರು, ತಿರುವಿದರು.
ಅದೇ ದಿನ ಸಂಜೆ, ಮೇಡಂ.
ಪೆನ್ನಿಗೆ ಮುಚ್ಚಳ ಹಾಕಿ ನನ್ನ ಕಡೆ ತಿರುಗಿ,
‘ಅವರನ್ನ ಮೇಲಕ್ಕೆ ಕೂಗಬೇಡಿ. ನೀವೇ ಇಳಿದು ಹೋಗಿ.
ನಾನೂ ಬರ್ತೀನಿ.’

ಅವರನ್ನ.
ಬಹುವಚನ ಕೇಳಿ ಬೆಂಚಿನವರು
ಯಾರೋ ದೊಡ್ಡವರು ಬಂದರೆಂದು ಹಿಂತಿರುಗಿ ನೋಡಿದರು.

ಮಳೆಮರದ ಕೆಳಗೆ ವ್ಯಾನು. ಜಾಲರಿಯ ಹಿಂದೆ ಅವನು,
ಅಲ್ಲ, ಅವರು; ನನ್ನ ನಾಲಗೆ ಇನ್ನೂ ಹೊರಳುತ್ತಿಲ್ಲ.
ಗಂಟಲು ಸರಿಮಾಡಿಕೊಂಡೆ. ಕೂಗು ಬರಲಿಲ್ಲ.
ಬಿನ್ನು ಲೇಟು ಎಲ್ಲ ಬಿಟ್ಟು
‘ಪಿಳ್ಳಪ್ಪಾ, ತಿಂಡಿ ಆಯ್ತಾ?’ ಅಂದೆ.

ತುಂಬ ಹೊತ್ತು.
ಆಮೇಲೆ, ಸಂತೆಯ ಗದ್ದಲದೊಳಗಿಂದ
ಒಬ್ಬೊಬ್ಬರನ್ನೇ ಸರಿಸಿಕೊಂಡು ಬಂದವರಂತೆ,
‘ಇಲ್ಲ,’ ಅಂದರು. ‘ನಿಮ್ದು?’

ಮೇಡಂ ಅದನ್ನು ಬರೆದುಕೊಂಡರು,
ಪ್ರಶ್ನೆಯನ್ನೂ, ಮರುಪ್ರಶ್ನೆಯನ್ನೂ.

ಬಿಡುಗಡೆ ಆಯಿತೇ ಎಂದು ಕೇಳಬೇಡಿ. ಆದೇಶ ಗುರುವಾರಕ್ಕೆ.
ಡಾಕ್ಟರ ಕಾಗದ ಬರಬೇಕು, ತಂಗಿ ನಾಗವೇಣಿ
ಗಾರ್ಮೆಂಟ್ಸಿಗೆ ರಜೆ ಹಾಕಿ ಬಾಂಡು ತರಬೇಕು,
ತಿಂಗಳು ತಿಂಗಳು ಮಾತ್ರೆ ಯಾರ ಖರ್ಚು
ಎಂದು ಯಾರಾದರೂ ಸಹಿ ಹಾಕಿ ಬರೆಯಬೇಕು.
ಪಟ್ಟಿಯಲ್ಲಿ ಇಂಥವರೇ ಇನ್ನೂ ಹನ್ನೊಂದು ಮಂದಿ.

ಕೂಗಲು ಮೂರು ಸಲ ಎಂದು ಪದ್ಧತಿಯಿದೆ.
ಕೇಳಿಸಿಕೊಳ್ಳಲು ಎಷ್ಟು ಸಲ, ಎಲ್ಲೂ ಬರೆದಿಲ್ಲ.
ನನಗೆ ನಿವೃತ್ತಿ ಇನ್ನು ನಾಲ್ಕು ತಿಂಗಳು,
ಎಡಮಂಡಿಯಲ್ಲಿ ನೋವು,
ಕೆಳಗಿಳಿಯಲು ಮೂವತ್ತೆರಡು ಮೆಟ್ಟಿಲು.
ನಿನ್ನೆ ಎಣಿಸಿದೆ.