ಮೊದಲ ಮೂರು ತಿಂಗಳು ಬರೆಯಬಾರದು

ಅಮ್ಮತ್ತಿಯಲ್ಲಿ ಸೈಕಲ್ ಶಾಪಿನ ಮೇಲಿನ ಕೋಣೆ.
ನಾವು ಐದು ಜನ: ರೈಟರ್ ಕುಶಾಲಪ್ಪನ ಮಗಳು ನಾನು,
ಮಿಲಿಟರಿ ಒಲ್ಲೆನೆಂದ ಇಬ್ಬರು, ಅಂಚೆಯವನ ತಮ್ಮ,
ಸಿದ್ದಾಪುರದಿಂದ ಬಸ್ಸಲ್ಲಿ ಬರುವ ಹಂಝ.

ರಾಯಭಾರಿ ಪೆಮ್ಮಯ್ಯ ಅಕ್ಕಿ ಒಟ್ಟಿಯೊಂದನ್ನು ಎತ್ತಿ ಹಿಡಿದು
"ಖ್ಲೇಬ್" ಅಂದರು.
ರಷ್ಯದ ಖ್ಲೇಬ್ ಅದಲ್ಲವೆಂದು
ನಮಗೆ ಗೊತ್ತಾದದ್ದು ನಾಲ್ಕು ವರ್ಷದ ಮೇಲೆ.
"ನಮ್ಮ ಕಸುಬಲ್ಲಿ ಇಷ್ಟು ಸುಳ್ಳು ನಡೆಯುತ್ತದೆ" ಎಂದು ನಕ್ಕರು.

ಪುಸ್ತಕ ಇಲ್ಲ. ಪೆನ್ನು ಬಾಗಿಲಲ್ಲೇ, ಚಪ್ಪಲಿಯ ಜೊತೆ.
ಮೊದಲ ಮೂರು ತಿಂಗಳು ಬರೆಯಬಾರದು.
"ಗದ್ದೆ ಕೆಸರಾಗದೆ ನಾಟಿ ಉಂಟೋ? ಕೇಳಿ, ಸುಮ್ಮನೆ ಕೇಳಿ."
ಕನ್ನಡದಲ್ಲಿ ಏನು ಸರ್, ಅಂದರೆ
ಕಿಟಕಿಯಾಚೆ ನೋಡುತ್ತಿದ್ದರು, ಕಿವುಡರ ಹಾಗೆ.

ದಿಲ್ಲಿಯಲ್ಲೂ ಹೀಗೇ ಅಂತೆ, ಐವತ್ತೇಳನೇ ಇಸವಿ.
ಧಾತು ಪ್ರತ್ಯಯ ಉರು ಹೊಡೆಸುವ ಕಾಲದಲ್ಲಿ
ಕಾಗದದ ಗೋದಾಮಿನಲ್ಲಿ ಬೆಂಚು ಹಾಕಿ
ಗುಮಾಸ್ತರಿಗೆ ಟೊಮೆಟೊ ಚೌಕಾಸಿ ಮಾಡಲು, ಜಗಳವಾಡಲು,
ಜ್ವರ ಬಂದಿದೆ ಎನ್ನಲು ಕಲಿಸಿದರು.
ಮೇಲಿನವರು ಷರಾ ಬರೆದರು: "ಇದು ತರಗತಿಯೋ, ಸಂತೆಯೋ?"
ಆ ಹಾಳೆಗೆ ಕಟ್ಟು ಹಾಕಿಸಿ
ನಮ್ಮ ಕೋಣೆಯ ಗೋಡೆಗೆ ಹೊಡೆದಿದ್ದರು.

ಎಪ್ಪತ್ತನಾಲ್ಕಕ್ಕೆ ಕಿವಿಗೆ ಯಂತ್ರ ಬಂತು.
ಒಂದು ಬೆಳಗ್ಗೆ ತೋಟದಲ್ಲಿ ಇಬ್ಬರು ಹೆಂಗಸರು
ತಮ್ಮನ್ನೇ ನೋಡಿ ಏನೋ ಅಂದು ನಗುವುದು ಕೇಳಿಸಿತು.
ಕೇಳಿಸಿತು, ಅಷ್ಟೇ.
ಎಂಟು ಭಾಷೆಯ ಮನುಷ್ಯ. ಅಜ್ಜನ ಕಾಲದಿಂದ
ತಮ್ಮದೇ ಲೈನುಮನೆಯಲ್ಲಿದ್ದ ಎರವರ ಮಾತು ಒಂದೂ ಬಾರದು.
ಅಂದು ಪಾಠಕ್ಕೆ ಬರಲಿಲ್ಲ.

ಮರುವಾರದಿಂದ ಸಂಜೆ ಐದಕ್ಕೆ, ಕೋಟು ಹಾಕಿಕೊಂಡು,
ಬೊಳ್ಳಚ್ಚಿಯ ಬಾಗಿಲ ಮುಂದೆ ಮಗುಚಿದ ಬಕೆಟ್ಟಿನ ಮೇಲೆ.
ಅವಳು ಹೆದರಿದಳು, ಕೂಲಿ ಲೆಕ್ಕಕ್ಕೆ ಬಂದರೆಂದು.
ನಾಲ್ಕನೇ ದಿನ ಕಾಡುಗೆಣಸೊಂದನ್ನು ಎತ್ತಿ ಹಿಡಿದಳು.
ಅವರು ತಪ್ಪಿದರು. ಮೊಮ್ಮಗ ಬಿದ್ದು ಬಿದ್ದು ನಕ್ಕ.
ತಪ್ಪಿದವರು ಎದ್ದು ನಿಲ್ಲಬೇಕೆಂಬುದು ಅವರದೇ ಕಾನೂನು;
ನಿಂತರು, ಮಂಡಿ ಹಿಡಿದುಕೊಂಡು.

ಎರಡು ತಿಂಗಳು ಹನ್ನೊಂದು ದಿನ.
ಆಮೇಲೆ ಮನೆಯ ಕಡೆಯಿಂದ ಎರಡು ಗುಂಡಿನ ಸದ್ದು,
ಊರಿಗೆಲ್ಲ ತಿಳಿಯಿತು.

ಮೇಜಿನ ಮೇಲೆ ಹೊಸ ನೋಟುಬುಕ್ಕು.
ಮೊದಲ ಪುಟದಲ್ಲಿ ಹೆಸರು, ತಾರೀಕು, "ಗುರು: ಬೊಳ್ಳಚ್ಚಿ".
ಮುಂದೆಲ್ಲ ಖಾಲಿ.
"ಪಾಪ, ಏನೂ ಕಲಿತಿರಲಿಲ್ಲ" ಅಂದ ತಂಗಿಯ ಮಗ.
ನಾನೂ ಹಂಝನೂ ಮುಖ ಮುಖ ನೋಡಿಕೊಂಡೆವು.

ಅವಳು ಬಂದಿದ್ದಳು. ಅಂಗಳದಾಚೆಯೇ ನಿಂತು
ಒಂದು ಮಾತು ಹೇಳಿದಳು, ಸಣ್ಣದು,
ಕೊನೆ ಮೇಲಕ್ಕೆದ್ದದ್ದು, ಪ್ರಶ್ನೆಯಿರಬೇಕು.
ಐವತ್ತು ಜನ ಇದ್ದೆವು. ಯಾರೂ ತಿರುಗಲಿಲ್ಲ.

ಬಕೆಟ್ಟು ಇನ್ನೂ ಅಲ್ಲೇ ಇದೆ.
ನಿನ್ನೆ ಹೋದೆ.
ಪೆನ್ನನ್ನು ಚಪ್ಪಲಿಯೊಳಗೆ ಇಟ್ಟೆ.