ಎರಡು ಗಂಟೆಯವನು

ಬುಧವಾರ ಮಧ್ಯಾಹ್ನ ಎರಡು ಗಂಟೆಗೆ
ರೇಡಿಯೋದಲ್ಲಿ ಸೆವೆರೊ ಸತ್ತ.
ದೋಣಿ ಮಗುಚಿತು, ಸರಿಯಾಗಿ
ಸೋಪಿನ ಜಾಹೀರಾತಿಗೆ ಒಂದು ನಿಮಿಷ ಮುಂಚೆ.
ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದವಳು
ನನ್ನ ಹೆಬ್ಬೆರಳನ್ನೇ ಹೊಲಿದುಕೊಂಡೆ.

ಎದುರಂಗಡಿಯ ಬಾಸಿಂಗ್ ಅಕ್ಕ
ಅರ್ಧ ಅಳೆದ ವಿನೆಗರ್ ಹಿಡಿದು ಹಾಗೇ ನಿಂತಳು.
ಜೀಪ್ನಿಯ ಡ್ರೈವರ್ ಎಂಜಿನ್ ಆರಿಸಿ
ಟೋಪಿ ತೆಗೆದ.
ಸಂಜೆ ಯಾರೋ ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದರಂತೆ.
ಯಾರ ಹೆಸರಿಗೆ, ಎಂದರಂತೆ ಪಾದ್ರಿ.
ಸೆವೆರೊ ಹೆಸರಿಗೆ.
ಯಾವ ಸೆವೆರೊ?
ಎರಡು ಗಂಟೆಯವನು.
ಅವನಾ, ಎಂದು ಪಾದ್ರಿ ಗಾಳಿಗೆ ಕೈ ಅಡ್ಡ ಹಿಡಿದರಂತೆ.

ನನಗೆ ಅಳು ಬರಲಿಲ್ಲ, ಮೈ ಉರಿಯಿತು.
ಕಥೆ ಬರೆಯುವ ಮಹಾರಾಯ, ನಿನಗೆ ಏನು ಗೊತ್ತು,
ನೂರ ಹನ್ನೆರಡು ಮಧ್ಯಾಹ್ನ ನಾನು
ಬಿಸಿ ಅನ್ನ ಉಂಡಿಲ್ಲ.
ಎಲ್ಪಿಡಿಯಾಗೆ ಅವನು ಬರೆದ ಕಾಗದ
ಅವಳ ಅತ್ತೆಯ ಕೈಗೆ ಸಿಕ್ಕ ದಿನ
ಒಂದು ಡಜನ್ ಕಾಲರು ತಿರುಗುಮುರುಗಾಗಿ
ರಾತ್ರಿಯೆಲ್ಲ ಬಿಚ್ಚಿ ಹೊಲಿದಿದ್ದೇನೆ.

ಆದರೂ ಕಿವಿ ನೆಟ್ಟಗಿತ್ತು.
ಗುರುವಾರ ಹೇಳಿದರು: ಹೆಣ ಸಿಕ್ಕಿಲ್ಲ.
ಅಷ್ಟೇ ಸಾಕಾಯಿತು ನನಗೆ.
ಹೆಣ ಸಿಗದವನು ಸತ್ತವನಲ್ಲ, ಬಾಸಿಂಗ್ ಅಕ್ಕಾ,
ಬೇಕಾದರೆ ಒಂದು ಹೇಂಟೆ ಪಣ.
ತಿಂಗಳೊಳಗೆ ಬರುತ್ತಾನೆ, ಗಡ್ಡ ಬಿಟ್ಟು,
ತನ್ನ ಹೆಸರನ್ನೇ ಮರೆತು.

ಹೇಳಿದ ಮೇಲೆ ಕಸಿವಿಸಿ.
ನಾನು ಊಹಿಸಿದ್ದೇ ಆದರೆ
ಛೆ, ಇಷ್ಟೇನಾ ಇವನ ತಲೆ, ಎನಿಸುತ್ತದೆ.
ಊಹಿಸದ್ದು ಆದರೆ
ತಕ್ಕಡಿಯಲ್ಲಿ ಕಲ್ಲಿಟ್ಟ ಹಾಗೆ, ಮೋಸ.
ಎರಡೂ ಅಲ್ಲದ್ದು ಬೇಕು ನನಗೆ.
ಅದು ಯಾವುದು ಎಂದು ಕೇಳಬೇಡ.
ನೂಲಿಗೆ ಹುರಿ ಇಲ್ಲದಿದ್ದರೆ ಎಳೆದಲ್ಲಿ ಹರಿಯುತ್ತದೆ,
ಹುರಿ ಹೆಚ್ಚಾದರೆ ಸೂಜಿಯ ಬಾಯಲ್ಲೇ ಗಂಟು.
ಕೈಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

ಶನಿವಾರ ಮೀನು ಪೇಟೆ. ಬೆನ್ನ ಹಿಂದೆ ಒಂದು ದನಿ:
"ಅರ್ಧ ಕಿಲೋ ಬಂಗುಸ್, ಮುಳ್ಳು ತೆಗೆದು."
ನನ್ನ ಕಾಲು ನೆಲದಲ್ಲಿ ಇಳಿದುಹೋಯಿತು.
"ಕಡಲು ಬತ್ತಿದರೂ ಬರುತ್ತೇನೆ" ಎಂದ ಗಂಟಲು ಅದೇ.
ತಿರುಗಿದರೆ ಗಿಡ್ಡ ಮನುಷ್ಯ,
ಬೋಳು ತಲೆ, ಕಂಕುಳಲ್ಲಿ ಹರಿದ ಕೊಡೆ.

ನಿಮ್ಮನ್ನು ಯಾಕೆ ಸಾಯಿಸಿದರು, ಎಂದು ಕೇಳಿಯೇ ಬಿಟ್ಟೆ.
"ಇಪ್ಪತ್ತು ಪೆಸೊ ಹೆಚ್ಚಿಗೆ ಕೇಳಿದೆ."
ನಾನು ಬಿರುಗಾಳಿ ಎಂದುಕೊಂಡಿದ್ದೆ. ಅತ್ತೆಯ ಶಾಪ ಎಂದುಕೊಂಡಿದ್ದೆ.
ಮತ್ತೆ ಬರುತ್ತೀರಾ?
ಮೀನಿನ ಕಣ್ಣು ನೋಡುತ್ತ ಹೇಳಿದ:
"ಸೆವೆರೊ ಬಂದರೂ ಬಂದಾನು. ನಾನಲ್ಲ."
ಚಿಲ್ಲರೆ ಎಣಿಸಿದ, ಒಂದು ನಾಣ್ಯ ಕಡಿಮೆ.
ನಾನು ಕೊಡಲು ಹೋದೆ, ಬೇಡ ಎಂದ,
ಸಣ್ಣ ಮೀನು ಆರಿಸಿಕೊಂಡ.

ಮೂರನೆಯ ಸೋಮವಾರ ಸೆವೆರೊ ಬಂದ.
ಗಡ್ಡ ಇತ್ತು. ಹೆಸರು ಮರೆತಿದ್ದ.
ಉಪ್ಪು ನೀರು ಕುಡಿದು ಗಂಟಲು ಬದಲಾಗಿದೆ
ಎಂದು ಒಬ್ಬ ಡಾಕ್ಟರು ವಿವರಿಸಿದ.
ಬೀದಿಯೆಲ್ಲ ಚಪ್ಪಾಳೆ, ಜೀಪ್ನಿಯ ಹಾರ್ನು,
ಪಾದ್ರಿಯವರ ಕಿಟಕಿಯಿಂದಲೂ ಏನೋ ಸದ್ದು.

ಬಾಸಿಂಗ್ ಅಕ್ಕ ಅಳುತ್ತಲೇ ಹೇಂಟೆ ತಂದುಕೊಟ್ಟಳು.
ಅದೀಗ ನನ್ನ ಮಷೀನಿನ ಕಾಲಿಗೆ ಕಟ್ಟಿಕೊಂಡು
ಕತ್ತರಿಸಿದ ಚೂರು ಬಟ್ಟೆ ಕುಕ್ಕುತ್ತಿದೆ.
ಗೆದ್ದ ಹೇಂಟೆ. ಕೊಯ್ಯಲು ಮನಸ್ಸಿಲ್ಲ.
ಪೇಟೆಯ ಮಾತು ಯಾರಿಗೂ ಹೇಳಿಲ್ಲ.
ಇನ್ನು ಕೇಳುವುದಿಲ್ಲ ಎಂದು ಮಂಗಳವಾರ ಆಣೆ ಇಟ್ಟೆ,
ಒಂದೂ ಐವತ್ತೈದಕ್ಕೆ ಗುಂಡಿ ತಿರುಗಿಸಿದೆ.

ಇನ್ನೊಂದು ವಿಷಯ, ನಾಚಿಕೆಯಾಗುತ್ತದೆ:
ಈ ಹೊಸ ಗಂಟಲು
ಎಲ್ಪಿಡಿಯಾ ಎಂದು ಕರೆಯುವುದು
ಹಳೆಯದಕ್ಕಿಂತ ಒಂದು ಕೂದಲೆಳೆ ಚೆಂದ.